ಬೆಳಗ್ಗೆ ಇಲಿನಾಯ್ ದಡ, ಸಂಜೆ ಸೇತುವೆ: ಸೇಂಟ್ ಲೂಯಿಸ್‌ನಲ್ಲಿ ಒಂದು ವಾರಾಂತ್ಯದ ಛಾಯಾಗ್ರಹಣ

ಪ್ರಶ್ನೆ: ನಾವು ಚಿಕಾಗೋ ಸಮೀಪದ ನೇಪರ್‌ವಿಲ್‌ನಲ್ಲಿ ನೆಲೆಸಿದ್ದೇವೆ. ಅಕ್ಟೋಬರ್ ಮೂರನೆಯ ವಾರಾಂತ್ಯದಲ್ಲಿ ಪತ್ನಿ ಹಾಗೂ ಏಳು ವರ್ಷದ ಮಗಳೊಂದಿಗೆ ಕಾರಿನಲ್ಲಿ ಸೇಂಟ್ ಲೂಯಿಸ್‌ಗೆ ಹೋಗಬೇಕೆಂದಿದ್ದೇನೆ. ಶುಕ್ರವಾರ ರಾತ್ರಿ ತಲುಪಿ ಭಾನುವಾರ ಸಂಜೆ ಹಿಂದಿರುಗಬೇಕು. ನನ್ನ ಬಳಿ ಫುಲ್‌ಫ್ರೇಮ್ ಕ್ಯಾಮೆರಾ, 24–70 ಮತ್ತು 70–200 ಮಿ.ಮೀ. ಲೆನ್ಸ್‌ಗಳು, ಒಂದು ಚಿಕ್ಕ ಟ್ರೈಪಾಡ್ ಇವೆ. ಎಲ್ಲರೂ ತೆಗೆಯುವ, ಗೇಟ್‌ವೇ ಆರ್ಚ್ ಎಂಬ ದೊಡ್ಡ ಕಮಾನಿನ ಚಿತ್ರವೊಂದನ್ನೇ ತರುವುದಕ್ಕಿಂತ ಊರನ್ನೂ ನದಿಯನ್ನೂ ಸರಿಯಾಗಿ ನೋಡಿ ಚಿತ್ರಿಸಬೇಕೆಂಬ ಆಸೆಯಿದೆ. ಎರಡು ದಿನಗಳನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುವ ಮೊದಲು ಭೂಪಟವನ್ನು ತೆರೆದು ದಿಕ್ಕುಗಳನ್ನು ಗಮನಿಸಿ. ಮಿಸ್ಸಿಸ್ಸಿಪ್ಪಿ ಇಲ್ಲಿ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ನಗರವಿರುವುದು ಪಶ್ಚಿಮ ದಡದಲ್ಲಿ, ಮಿಸೌರಿ ರಾಜ್ಯದಲ್ಲಿ; ಎದುರಿನ ಪೂರ್ವ ದಡ ಇಲಿನಾಯ್ ರಾಜ್ಯಕ್ಕೆ ಸೇರಿದ್ದು. ಕಮಾನಿನ ಎರಡು ಕಾಲುಗಳು ಉತ್ತರ ದಕ್ಷಿಣವಾಗಿ ನಿಂತಿರುವುದರಿಂದ ಅದರ ಒಂದು ಮುಖ ನದಿಯತ್ತ, ಇನ್ನೊಂದು ಊರಿನತ್ತ ತಿರುಗಿದೆ. ಹೀಗಾಗಿ ಬೆಳಗಿನ ಬಿಸಿಲು ಇಡೀ ನಗರದ ಮುಖಕ್ಕೆ ನೇರವಾಗಿ ಬೀಳುತ್ತದೆ, ಸಂಜೆ ಅದೇ ನಗರ ಬೆಳಕಿಗೆ ಬೆನ್ನು ಕೊಟ್ಟು ಕಪ್ಪು ಆಕೃತಿಯಾಗುತ್ತದೆ. ಯಾವ ಹೊತ್ತಿಗೆ ಯಾವ ದಡದಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಉಳಿದ ವೇಳಾಪಟ್ಟಿ ತಾನಾಗಿ ರೂಪುಗೊಳ್ಳುತ್ತದೆ. ನೀವು ಹೋಗುವ ಸಮಯದಲ್ಲಿ ಸೂರ್ಯೋದಯ ಬೆಳಗ್ಗೆ ಸುಮಾರು 7:10ಕ್ಕೆ, ಸೂರ್ಯಾಸ್ತ ಸಂಜೆ ಸುಮಾರು 6:20ಕ್ಕೆ ಆಗುವುದರಿಂದ ಮಗುವನ್ನು ತೀರಾ ನಸುಕಿನಲ್ಲಿ ಎಬ್ಬಿಸುವ ಅಗತ್ಯವೂ ಬಾರದು.

ಶನಿವಾರ ಬೆಳಗ್ಗೆ ಮೊದಲು ನದಿ ದಾಟಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿರುವ ಮಾಲ್ಕಮ್ ಡಬ್ಲ್ಯೂ. ಮಾರ್ಟಿನ್ ಸ್ಮಾರಕ ಉದ್ಯಾನಕ್ಕೆ ಹೋಗಿ. ಗೇಟು ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಂಡಿರಿ. ಅಲ್ಲಿ ಸುತ್ತಿ ಸುತ್ತಿ ಏರುವ ಇಳಿಜಾರು ದಾರಿಯ ತುದಿಯಲ್ಲಿ, ಪ್ರವಾಹ ತಡೆಯುವ ದಿಬ್ಬಕ್ಕಿಂತ ಮೇಲಕ್ಕೆ, 43 ಅಡಿ ಎತ್ತರದ ವೀಕ್ಷಣಾ ಕಟ್ಟೆಯಿದೆ. ಮೆಟ್ಟಿಲಿಲ್ಲದಿರುವುದರಿಂದ ಎಲ್ಲರೂ ಸಲೀಸಾಗಿ ಹತ್ತಬಹುದು. ಕಟ್ಟೆಯ ಮೇಲೆ ನಿಂತರೆ ಹೊಳೆ, ಕಮಾನು, ಕಮಾನಿನ ನಡುವೆ ಹಳೆಯ ನ್ಯಾಯಾಲಯದ ಗುಮ್ಮಟ, ಅದರ ಹಿಂದೆ ಪೇಟೆಯ ಗೋಪುರಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಕಮಾನು ಇಲ್ಲಿಂದ ಸುಮಾರು ಅರ್ಧ ಮೈಲಿ ದೂರದಲ್ಲಿರುವ ಕಾರಣ ನಿಮ್ಮ 24–70 ಲೆನ್ಸಿನ 50ರಿಂದ 70ರವರೆಗಿನ ಭಾಗವೇ ಸಾಕು. ಅಗಲವಾದ ಲೆನ್ಸ್ ಹಾಕಿದವರು ಮನೆಗೆ ತರುವುದು ಬಹುಪಾಲು ಬರಿಯ ನೀರನ್ನೂ ಆಕಾಶವನ್ನೂ. 70–200ರಲ್ಲಿ ಗುಮ್ಮಟವನ್ನು ಮಾತ್ರ ಕಮಾನಿನ ಒಂದು ಕಾಲಿನೊಡನೆ ಹಿಡಿದರೆ ಸಾಮಾನ್ಯ ಚಿತ್ರಕ್ಕಿಂತ ಬೇರೆಯದೇ ಒಂದು ಚಿತ್ರ ಸಿಗುತ್ತದೆ. ಆ ನ್ಯಾಯಾಲಯ ಬರಿಯ ಅಲಂಕಾರದ ಹಿನ್ನೆಲೆಯೂ ಅಲ್ಲ: ಗುಲಾಮಗಿರಿಯಿಂದ ಬಿಡುಗಡೆ ಕೋರಿ ಡ್ರೆಡ್ ಸ್ಕಾಟ್ ಮತ್ತು ಅವರ ಪತ್ನಿ ಹ್ಯಾರಿಯೆಟ್ ಹೂಡಿದ ಮೊಕದ್ದಮೆಯ ವಿಚಾರಣೆ 1847 ಮತ್ತು 1850ರಲ್ಲಿ ನಡೆದದ್ದು ಅಲ್ಲಿಯೇ.

ಈ ಉದ್ಯಾನಕ್ಕೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಪ್ರವೇಶ ಸಿಕ್ಕರೆ ಅದೇ ಅತ್ಯುತ್ತಮ. ಕಮಾನಿನ ಹೊರಮೈ ಸ್ಟೇನ್‌ಲೆಸ್ ಉಕ್ಕಿನದು. ಅದು ಕನ್ನಡಿಯಂತೆ ಸ್ಪಷ್ಟ ಬಿಂಬ ಕೊಡದಿದ್ದರೂ ಎದುರಿನ ಆಕಾಶದ ಬಣ್ಣವನ್ನು ಹೀರಿಕೊಂಡಂತೆ ತೋರಿಸುತ್ತದೆ. ಪೂರ್ವ ದಿಗಂತ ಕೆಂಪಾದಾಗ ಪಶ್ಚಿಮದ ಆಕಾಶ ಇನ್ನೂ ನೀಲಿಯಾಗಿರುತ್ತದೆ. ಆ ನೀಲಿಯ ಎದುರು ಉಕ್ಕು ಮಾತ್ರ ಗುಲಾಬಿಯಾಗುವ ಕೆಲವು ನಿಮಿಷಗಳಿವೆ. ಬಿಸಿಲು ನೇರವಾಗಿ ಬಿದ್ದ ಮೇಲೆ ಉಕ್ಕಿನ ಒಂದು ಅಂಚು ಕಣ್ಣು ಕುಕ್ಕುವಷ್ಟು ಹೊಳೆದು ಕ್ಯಾಮೆರಾದ ಅಳತೆಯನ್ನು ದಾರಿ ತಪ್ಪಿಸುತ್ತದೆ. ಆಗ ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ, ಹೊಳಪಿನ ಭಾಗ ಉಳಿದಿದೆಯೇ ಎಂದು ಹಿಸ್ಟೋಗ್ರಾಮಿನಲ್ಲಿ, ಅಂದರೆ ಕತ್ತಲೆಯಿಂದ ಬೆಳಕಿನವರೆಗಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ, ನೋಡಿಕೊಂಡು, ನೆರಳನ್ನು ಆಮೇಲೆ ಎತ್ತಿಕೊಳ್ಳುವುದು ಸುರಕ್ಷಿತ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸಿಗೆ ಹಾಕಿದರೆ ಎಲ್ಲ ಸರಿಹೋದೀತೆಂದು ಹಲವರು ನಂಬಿರುತ್ತಾರೆ. ಆದರೆ ನೀರಿನ ಅಥವಾ ಗಾಜಿನ ಹೊಳಪನ್ನು ತಗ್ಗಿಸಿದಷ್ಟು ಪರಿಣಾಮಕಾರಿಯಾಗಿ ಅದು ಲೋಹದ ಹೊಳಪನ್ನು ತಗ್ಗಿಸಲಾರದು, ಅಗಲ ಲೆನ್ಸಿನಲ್ಲಂತೂ ಆಕಾಶದ ಒಂದು ಮೂಲೆಯನ್ನು ಮಾತ್ರ ಕಡುನೀಲಿ ಮಾಡಿಬಿಡುತ್ತದೆ.

ಕಮಾನಿನ ಬಗ್ಗೆ ಇಷ್ಟು ತಿಳಿದಿರಲಿ: ಈರೋ ಸಾರಿನೆನ್ ರೂಪಿಸಿದ ಇದರ ಎತ್ತರ 630 ಅಡಿ, ಕಾಲಿನಿಂದ ಕಾಲಿಗೆ ಅಗಲವೂ 630 ಅಡಿ. 1965ರ ಅಕ್ಟೋಬರ್ 28ರಂದು ಕೊನೆಯ ತುಂಡನ್ನು ಕೂರಿಸಿದಾಗ ಸಾರಿನೆನ್ ಬದುಕಿರಲಿಲ್ಲ. ಅವರು 1961ರಲ್ಲೇ ತೀರಿಕೊಂಡಿದ್ದರು. ಅಡ್ಡ ಕೊಯ್ದರೆ ಕಾಲು ಸಮಬಾಹು ತ್ರಿಕೋನ. ಬುಡದಲ್ಲಿ ಒಂದೊಂದು ಬದಿ 54 ಅಡಿ, ತುದಿಯಲ್ಲಿ 17 ಅಡಿ. ಈ ತ್ರಿಕೋನವೇ ಹತ್ತಿರದ ಚಿತ್ರಗಳಿಗೆ ಆಧಾರ. ಕಾಲಿನ ಬುಡಕ್ಕೆ ಹೋಗಿ 24 ಮಿ.ಮೀ.ನಲ್ಲಿ ಮೇಲಕ್ಕೆ ನೋಡಿ ಒಂದು ಅಂಚನ್ನು ಚೌಕಟ್ಟಿನ ಮೂಲೆಯಿಂದ ಹೊರಡಿಸಿದರೆ ಬಿಸಿಲಿನ ಮುಖ ಮತ್ತು ನೆರಳಿನ ಮುಖ ಎರಡೂ ಬೇರ್ಪಟ್ಟು ರಚನೆ ಅರ್ಥವಾಗುತ್ತದೆ. ಇಡೀ ಕಮಾನನ್ನು ಹತ್ತಿರದಿಂದ ಹಿಡಿಯುವ ಪ್ರಯತ್ನ ಸಾಮಾನ್ಯವಾಗಿ ವ್ಯರ್ಥ.

ಹೆಚ್ಚು ಜನ ಕೇಳದ ಇನ್ನೊಂದು ವಿಷಯವೂ ನಿಮ್ಮ ಆಸೆಗೆ ಸಂಬಂಧಿಸಿದೆ. ಕಮಾನಿನ ಸುತ್ತ ಇಂದು ಹುಲ್ಲು, ಮರ, ಕೊಳ ಇರುವ ಜಾಗದಲ್ಲಿ ಹಿಂದೆ ಊರಿನ ಅತ್ಯಂತ ಹಳೆಯ ಭಾಗವಿತ್ತು. ಸ್ಮಾರಕಕ್ಕೆಂದು 1939ರಿಂದ ನದಿ ದಂಡೆಯ ಸುಮಾರು 40 ಬೀದಿ ಚೌಕಗಳ ಕಟ್ಟಡಗಳನ್ನು ಕೆಡವಿದರು. ಎರಕದ ಕಬ್ಬಿಣದ ಮುಂಭಾಗವಿದ್ದ ಎಷ್ಟೋ ಗೋದಾಮುಗಳು ಹೀಗೆ ಹೋದವು. ಕಮಾನಿನ ಕೆಲಸ ಶುರುವಾದದ್ದು 1963ರಲ್ಲಿ, ಅಲ್ಲಿಯವರೆಗೆ ಆ ಜಾಗ ಬಹುತೇಕ ವಾಹನ ನಿಲುಗಡೆಯ ಬಯಲಾಗಿತ್ತು. ಅಂದರೆ ಈ ಊರು ನದಿಯತ್ತ ತೋರಿಸುತ್ತಿದ್ದ ತನ್ನ ಹಳೆಯ ಮುಖವನ್ನು ತಾನೇ ಅಳಿಸಿಕೊಂಡಿದೆ. ನದಿಯೂರಿನ ಚಿತ್ರ ಬೇಕೆಂದು ಕಮಾನಿನ ಸುತ್ತಲೇ ತಿರುಗಿದರೆ ಅದು ಸಿಗದಿರುವುದು ಈ ಕಾರಣದಿಂದ. ಉಳಿದದ್ದನ್ನು ಕಮಾನಿನ ಉತ್ತರಕ್ಕಿರುವ ಲಕ್ಲೀಡ್ಸ್ ಲ್ಯಾಂಡಿಂಗ್‌ನ ಕಲ್ಲುಹಾಸಿನ ಬೀದಿಗಳಲ್ಲಿ ಮತ್ತು ದಕ್ಷಿಣದ ಇಟ್ಟಿಗೆ ಬಡಾವಣೆಗಳಲ್ಲಿ ಹುಡುಕಬೇಕು.

ಕಮಾನಿನ ತುದಿಗೆ ಹೋಗುವುದಾದರೆ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ. ಐವರು ಕೂರುವ ಪುಟ್ಟ ಡಬ್ಬಿಯಂಥ ಬಂಡಿಯಲ್ಲಿ ಏರುವುದೇ ಮಗಳಿಗೆ ದೊಡ್ಡ ಸಂಭ್ರಮವಾದೀತು. ಮೇಲಿನ ಕಿಟಕಿಗಳು ಅಗಲದಲ್ಲಿ 27 ಅಂಗುಲ, ಎತ್ತರದಲ್ಲಿ ಕೇವಲ 7 ಅಂಗುಲ; ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದು ಕೈಯಿಂದ ಸುತ್ತಲಿನ ಬೆಳಕನ್ನು ಮರೆಮಾಡಿದರೆ ಮಾತ್ರ ಪ್ರತಿಬಿಂಬವಿಲ್ಲದ ಚಿತ್ರ ಬರುತ್ತದೆ. ಅಲ್ಲಿಂದ ತೆಗೆಯಬೇಕಾದದ್ದು ಊರಿನ ನೋಟಕ್ಕಿಂತ ಕಮಾನಿನ ನೆರಳು: ಬೆಳಗ್ಗೆ ಅದು ಪಶ್ಚಿಮದ ಉದ್ಯಾನದ ಮೇಲೆ, ಮಧ್ಯಾಹ್ನ ಕಳೆದ ಮೇಲೆ ನದಿಯ ಕಡೆಗೆ ಉದ್ದವಾಗಿ ಚಾಚಿಕೊಳ್ಳುತ್ತದೆ. ಒಳಗೆ ಹೋಗುವಾಗ ವಿಮಾನ ನಿಲ್ದಾಣದಂತೆಯೇ ಚೀಲದ ತಪಾಸಣೆಯಿದೆ, ಟ್ರೈಪಾಡನ್ನು ಕಾರಿನಲ್ಲೇ ಬಿಡಿ. ಇದು 2018ರಿಂದ ರಾಷ್ಟ್ರೀಯ ಉದ್ಯಾನವಾದ್ದರಿಂದ ಡ್ರೋನ್ ಹಾರಿಸುವ ಯೋಚನೆಯೂ ಬೇಡ.

ಶನಿವಾರದ ಬೆಳಗಿನ ಉಳಿದ ಹೊತ್ತನ್ನು ಸೌಲಾರ್ಡ್ ಬಡಾವಣೆಗೆ ಮೀಸಲಿಡಿ. ಅಲ್ಲಿನ ಮಾರುಕಟ್ಟೆಯ ಇತಿಹಾಸ 1779ರವರೆಗೆ ಹೋಗುತ್ತದೆ. ಅದು ತೆರೆಯುವುದು ಬುಧವಾರದಿಂದ ಶನಿವಾರದವರೆಗೆ ಮಾತ್ರ. ಭಾನುವಾರಕ್ಕೆ ಮುಂದೂಡಿದರೆ ಮುಚ್ಚಿದ ಬಾಗಿಲನ್ನು ನೋಡಬೇಕಾಗುತ್ತದೆ. ಅಕ್ಟೋಬರ್ ಆದ್ದರಿಂದ ಕುಂಬಳ, ಸೇಬುಗಳ ರಾಶಿ ಇರುತ್ತದೆ. ವ್ಯಾಪಾರಿಗಳ ಚಿತ್ರ ತೆಗೆಯುವ ಮೊದಲು ಏನಾದರೂ ಕೊಂಡು, ಎರಡು ಮಾತಾಡಿ, ಕೇಳಿ ತೆಗೆಯುವುದು ನಮ್ಮ ಸಂತೆಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ ಒಳ್ಳೆಯದು.

ಮಾರುಕಟ್ಟೆಯಿಂದ ಹೊರಬಿದ್ದು ಬೀದಿಗಳಲ್ಲಿ ನಡೆಯತೊಡಗಿದಾಗ ಸೇಂಟ್ ಲೂಯಿಸ್‌ನ ನಿಜವಾದ ಬಣ್ಣ ಕಾಣುತ್ತದೆ. 1849ರ ಮೇ ತಿಂಗಳಲ್ಲಿ ವೈಟ್ ಕ್ಲೌಡ್ ಎಂಬ ಉಗಿದೋಣಿಯಲ್ಲಿ ಹೊತ್ತಿದ ಬೆಂಕಿ ದಂಡೆಗೆ ಹಾರಿ ನೂರಾರು ಕಟ್ಟಡಗಳನ್ನು ಸುಟ್ಟ ಮೇಲೆ, ಹೊಸ ಕಟ್ಟಡಗಳು ಕಲ್ಲು ಇಲ್ಲವೇ ಇಟ್ಟಿಗೆಯವೇ ಆಗಿರಬೇಕೆಂಬ ನಿಯಮ ಬಂತು. ಊರಿನ ನೆಲದಡಿಯಲ್ಲೇ ಒಳ್ಳೆಯ ಜೇಡಿಮಣ್ಣೂ ಅದನ್ನು ಸುಡಲು ಕಲ್ಲಿದ್ದಲೂ ಇದ್ದವು, ಜರ್ಮನಿಯಿಂದ ವಲಸೆ ಬಂದ ಗಾರೆ ಕೆಲಸಗಾರರೂ ಇದ್ದರು. ಹಾಗಾಗಿ ಸಾಮಾನ್ಯ ಕಾರ್ಮಿಕನ ಮನೆಯ ಸೂರಿನಂಚಿನಲ್ಲಿ ಕೂಡ ಇಟ್ಟಿಗೆಯನ್ನು ಹಲ್ಲುಹಲ್ಲಾಗಿ, ಕಮಾನಾಗಿ, ಜಾಲರಿಯಾಗಿ ಜೋಡಿಸಿದ ಕುಸುರಿ ಕಾಣಿಸುತ್ತದೆ. ಮನೆಗಳ ನಡುವಿನ ಕಿರಿದಾದ ಓಣಿಗಳನ್ನೂ, ಒಂದೇ ಬದಿಗೆ ಇಳಿಜಾರಾದ ಛಾವಣಿಯಿಂದಾಗಿ ಅರ್ಧ ಮನೆಯಂತೆ ಕಾಣುವ ಫ್ಲೌಂಡರ್ ಮನೆಗಳನ್ನೂ ಹುಡುಕಿ ನೋಡಿ; ಇವು ಚಿಕಾಗೋದಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರಲಾರವು. ಸ್ವಲ್ಪ ಪಶ್ಚಿಮಕ್ಕಿರುವ ಲಫಯೆಟ್ ಸ್ಕ್ವೇರ್‌ನಲ್ಲಿ ಇದೇ ಇಟ್ಟಿಗೆ ಶ್ರೀಮಂತರ ಕೈಗೆ ಸಿಕ್ಕಿ, ಎರಡು ಹಂತದಲ್ಲಿ ಇಳಿಯುವ ಮ್ಯಾನ್ಸಾರ್ಡ್ ಛಾವಣಿಗಳ ಕೆಳಗೆ ಸೊಗಸಾಗಿ ಸಾಲುಗಟ್ಟಿದೆ. ನನಗೆ ಹೆಚ್ಚು ಹಿಡಿಸುವುದು ಸೌಲಾರ್ಡ್‌ನ ಒರಟುತನವೇ.

ಕೆಂಪು ಇಟ್ಟಿಗೆಯನ್ನು ಚಿತ್ರಿಸುವುದು ನೋಡಿದಷ್ಟು ಸುಲಭವಲ್ಲ. ಇಡೀ ಚೌಕಟ್ಟು ಕೆಂಪಾಗಿರುವಾಗ ಕ್ಯಾಮೆರಾದಲ್ಲಿ ಬಣ್ಣವನ್ನು ತಾನೇ ಸರಿಹೊಂದಿಸುವ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ಭಾವಿಸಿ ನೀಲಿಯ ಕಡೆಗೆ ತಣ್ಣಗೆ ಮಾಡಿಬಿಡುತ್ತದೆ. ಅದನ್ನು ಹಗಲುಬೆಳಕಿಗೆ, ಸುಮಾರು 5200 ಕೆಲ್ವಿನ್‌ಗೆ ಕಟ್ಟಿಹಾಕಿ, ಆಮೇಲೆ ತಿದ್ದಲು ಅನುವಾಗುವ ರಾ ಕಡತದಲ್ಲಿ ತೆಗೆಯಿರಿ. ಸಂಜೆಯ ಬಿಸಿಲಿನಲ್ಲಿ ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ಬಣ್ಣದ ಪಟ್ಟಿ ಮಾತ್ರ ಬಲಗೋಡೆಗೆ ತಾಗಿ ಇಟ್ಟಿಗೆಯ ಗೆರೆಗಳು ಅಳಿದುಹೋಗುತ್ತವೆ, ಆದ್ದರಿಂದ ಮೂರೂ ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆ ಬೇರೆಯಾಗಿ ನೋಡಿ. ಗೋಡೆಗೆ ಓರೆಯಾಗಿ ಬೀಳುವ ಬಿಸಿಲು ಇದ್ದರೆ ಉಬ್ಬುತಗ್ಗು ಎದ್ದು ಕಾಣುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಪೂರ್ವಕ್ಕೂ ದಕ್ಷಿಣಕ್ಕೂ ಮುಖ ಮಾಡಿದ ಗೋಡೆಗಳು ಈ ಕೆಲಸಕ್ಕೆ ಸೂಕ್ತ.

ನಡುಹಗಲನ್ನು ಒಳಾಂಗಣದಲ್ಲಿ ಕಳೆಯಿರಿ. ಕ್ಯಾಥೀಡ್ರಲ್ ಬೆಸಿಲಿಕಾದ ಗೋಡೆ, ಚಾವಣಿಗಳನ್ನು ಸುಮಾರು 4.15 ಕೋಟಿ ಗಾಜಿನ ಚೂರುಗಳ ಮೊಸಾಯಿಕ್ ಆವರಿಸಿದೆ. 1912ರಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು 1988ರಲ್ಲಿ. ಫ್ಲಾಷ್ ಬೇಡ. ಬೆಳಕಿನ ಸಂವೇದನೆಯಾದ ಐಎಸ್ಒವನ್ನು 3200ಕ್ಕೆ ಏರಿಸಿ 70–200ರಲ್ಲಿ ಗುಮ್ಮಟದ ಒಂದೊಂದು ಭಾಗವನ್ನು ತೆಗೆಯಿರಿ. ಪೂಜೆಯೋ ಮದುವೆಯೋ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದೊಳಗಿರಲಿ. ಪೇಟೆಯಲ್ಲಿ 1891ರ ವೈನ್‌ರೈಟ್ ಕಟ್ಟಡವನ್ನು ಹತ್ತು ನಿಮಿಷ ನಿಂತು ನೋಡಿ. ಲೂಯಿಸ್ ಸಲಿವನ್ ರೂಪಿಸಿದ ಈ ಹತ್ತು ಮಹಡಿಯ ಕಟ್ಟಡದಲ್ಲಿ ಗಗನಚುಂಬಿಯೊಂದು ತನ್ನ ಎತ್ತರವನ್ನು ಮುಚ್ಚಿಡದೆ ನೆಟ್ಟನೆಯ ಗೆರೆಗಳಲ್ಲಿ ತೋರಿಸುವುದನ್ನು ಕಲಿಯಿತು. ಮಗಳ ಪಾಲಿಗೆ ಸಿಟಿ ಮ್ಯೂಸಿಯಂ ಇದೆ: ಹಳೆಯ ಪಾದರಕ್ಷೆ ಕಂಪನಿಯ ಕಟ್ಟಡದಲ್ಲಿ ಶಿಲ್ಪಿ ಬಾಬ್ ಕ್ಯಾಸಿಲಿ 1997ರಲ್ಲಿ ತೆರೆದ, ಹತ್ತು ಮಹಡಿಯಷ್ಟು ಎತ್ತರದ ಜಾರುಬಂಡೆಯಿರುವ ಆಟದ ಲೋಕ. ಅಲ್ಲಿ ಸುರಂಗಗಳಲ್ಲಿ ತೆವಳಬೇಕಾಗುವುದರಿಂದ ದೊಡ್ಡ ಕ್ಯಾಮೆರಾ ಕೋಣೆಯಲ್ಲೇ ಇರಲಿ. ಊಟದ ವಿಷಯದಲ್ಲಿ ಒಂದೇ ಎಚ್ಚರಿಕೆ: ಸಸ್ಯಾಹಾರಿಗಳಾಗಿದ್ದರೆ ಊರಿನ ಪ್ರಸಿದ್ಧ ಟೋಸ್ಟೆಡ್ ರವಿಯೊಲಿಯನ್ನು ಕೇಳಿ ತಿಳಿದುಕೊಂಡೇ ತಿನ್ನಿ, ಒಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ.

ಸಂಜೆ ಐದರ ಹೊತ್ತಿಗೆ ಲಕ್ಲೀಡ್ಸ್ ಲ್ಯಾಂಡಿಂಗ್‌ಗೆ ಬಂದು ಈಡ್ಸ್ ಸೇತುವೆಯ ಮೇಲೆ ನಡೆಯಿರಿ. ಇಡೀ ವಾರಾಂತ್ಯದಲ್ಲಿ ಒಂದೇ ಸ್ಥಳಕ್ಕೆ ಸಮಯವಿದೆಯೆಂದರೆ ನಾನು ಇದನ್ನೇ ಹೇಳುತ್ತೇನೆ. 1874ರಲ್ಲಿ ಮುಗಿದ ಈ ಸೇತುವೆಯ ಮೂರು ಉಕ್ಕಿನ ಕಮಾನುಗಳಲ್ಲಿ ನಡುವಿನದು 520 ಅಡಿ, ಅಕ್ಕಪಕ್ಕದವು 502 ಅಡಿ ಚಾಚಿಕೊಂಡಿವೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಉಕ್ಕನ್ನು ನಂಬಿ ಕಟ್ಟಿದ ಸೇತುವೆ ಅದಕ್ಕೆ ಮೊದಲು ಇರಲಿಲ್ಲ. ಜೇಮ್ಸ್ ಈಡ್ಸ್ ಅದಕ್ಕಿಂತ ಮೊದಲು ಸೇತುವೆ ಕಟ್ಟಿದವರೇ ಅಲ್ಲ. ಮುಳುಗಿದ ದೋಣಿಗಳ ಸರಕನ್ನು ನದಿಯ ತಳದಿಂದ ಎತ್ತುವ ಉದ್ಯೋಗದಲ್ಲಿದ್ದವರು. ಪ್ರವಾಹದಲ್ಲಿ ತಳದ ಮರಳೇ ಕೊಚ್ಚಿಹೋಗುವುದನ್ನು ಕಂಡಿದ್ದ ಅವರು ಕಂಬಗಳನ್ನು ಬಂಡೆಯವರೆಗೆ ಇಳಿಸಲೇಬೇಕೆಂದು ಹಟ ಹಿಡಿದರು. ಅಷ್ಟು ಆಳದಲ್ಲಿ, ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ದುಡಿದು ಮೇಲೆ ಬಂದ ಹನ್ನೆರಡಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು, ಏಕೆಂದರೆ ಒತ್ತಡವನ್ನು ನಿಧಾನವಾಗಿ ಇಳಿಸಬೇಕೆಂಬ ತಿಳಿವಳಿಕೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಸೇತುವೆಯನ್ನು ಜನರು ನಂಬಲೆಂದು ಉದ್ಘಾಟನೆಗೆ ಮೊದಲು ಅದರ ಮೇಲೆ ಒಂದು ಆನೆಯನ್ನು ನಡೆಸಿದರು. ಅಭದ್ರ ನೆಲದ ಮೇಲೆ ಆನೆ ಹೆಜ್ಜೆಯಿಡದು ಎಂಬ ನಂಬಿಕೆ ಆ ಊರಿನವರಿಗೂ ಇತ್ತು.

ಕಾಲುದಾರಿ ಸೇತುವೆಯ ದಕ್ಷಿಣ ಬದಿಯಲ್ಲಿದೆ, ಅಂದರೆ ಕಮಾನಿನ ಕಡೆಗೆ. ನಗರದ ದಡದ ಬಳಿ ನಿಂತರೆ ಕಮಾನು ಬದಿಯಿಂದ ಕಂಡು ತೀರಾ ಕಿರಿದಾಗಿರುತ್ತದೆ, ಪೂರ್ವಕ್ಕೆ ನಡೆದಂತೆಲ್ಲ ನಿಧಾನವಾಗಿ ತೆರೆದುಕೊಳ್ಳುತ್ತದೆ. ನಿಮಗೆ ಬೇಕಾದ ಅಗಲ ಬಂದಲ್ಲಿ ನಿಲ್ಲಿ. ಕೆಳಗೆ ಸರಕು ದೋಣಿಗಳ ಸಾಲು ಬರುವುದನ್ನು ಕಾಯಬೇಕು. ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಜಲದ್ವಾರಗಳಲ್ಲಿ, ಊರಿನ ಉತ್ತರಕ್ಕಿರುವ 27ನೆಯ ಸಂಖ್ಯೆಯದೇ ಈ ನದಿಯಲ್ಲಿ ಕೊನೆಯದು. ಅಲ್ಲಿಂದ ಸಮುದ್ರದವರೆಗೆ ಅಡ್ಡಿಯಿಲ್ಲ. ಮೇಲಿನ ಹೊಳೆಯಲ್ಲಿ ಜಲದ್ವಾರಗಳನ್ನು ದಾಟಬೇಕಾದ್ದರಿಂದ ಒಂದು ದೂಡುದೋಣಿ ಸಾಮಾನ್ಯವಾಗಿ 15 ಬಾರ್ಜ್‌ಗಳನ್ನು (ಚಪ್ಪಟೆ ಸರಕು ದೋಣಿಗಳನ್ನು) ಕಟ್ಟಿಕೊಂಡು ಬರುತ್ತದೆ, ಇಲ್ಲಿಂದ ಕೆಳಗೆ ಅದರ ಎರಡು ಪಟ್ಟನ್ನೂ ಮೀರಿ ಕಟ್ಟಿಕೊಂಡು ಹೋಗುವುದುಂಟು. ಹಾಗೆ ಬಿಚ್ಚಿ ಕಟ್ಟುವ ಕೆಲಸ ಈ ದಂಡೆಗಳಲ್ಲೇ ನಡೆಯುವುದರಿಂದ ಚಿಕ್ಕ ದೋಣಿಗಳ ಓಡಾಟ ಯಾವಾಗಲೂ ಇರುತ್ತದೆ. ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಗಳ ಬಳಿಕ ಆಕಾಶ ಗಾಢ ನೀಲಿಯಾಗಿ, ಕಮಾನಿನ ದೀಪಗಳು ಹೊತ್ತಿ, ದೂಡುದೋಣಿಯ ಹುಡುಕುದೀಪ ನೀರಿನ ಮೇಲೆ ಓಡುವ ಸಮಯಕ್ಕೆ ಟ್ರೈಪಾಡ್ ಸಿದ್ಧವಾಗಿರಲಿ. ಸೇತುವೆಯ ಕೆಳ ಅಂತಸ್ತಿನಲ್ಲಿ ಮೆಟ್ರೋಲಿಂಕ್ ರೈಲು ಓಡುತ್ತದೆ. ಅದು ಹಾದುಹೋಗುವಾಗ ನಿಮ್ಮ ಕಾಲಡಿಯ ನೆಲ ಕಂಪಿಸಿ ಉದ್ದ ಎಕ್ಸ್‌ಪೋಷರ್ ಹಾಳಾಗುತ್ತದೆ, ಆದ್ದರಿಂದ ರೈಲು ದಾಟಿದ ಮೇಲೆ ಷಟರ್ ಒತ್ತಿ. ವಲಸೆ ಹಕ್ಕಿಗಳಿಗೆ ದಾರಿ ತಪ್ಪದಿರಲೆಂದು ಮೇ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕಮಾನಿನ ದೀಪಗಳನ್ನು ಆರಿಸುತ್ತಾರೆ, ಅಕ್ಟೋಬರ್‌ನಲ್ಲಿ ನಿಮಗೆ ಆ ಚಿಂತೆಯಿಲ್ಲ.

ಭಾನುವಾರ ಬೆಳಗ್ಗೆ ಫಾರೆಸ್ಟ್ ಪಾರ್ಕ್‌ಗೆ ಹೋಗಿ. 1904ರ ವಿಶ್ವ ಮೇಳ ನಡೆದ ಈ ಸುಮಾರು 1300 ಎಕರೆಯ ಉದ್ಯಾನದಲ್ಲಿ ಕಲಾ ಸಂಗ್ರಹಾಲಯಕ್ಕೂ ಮೃಗಾಲಯಕ್ಕೂ ಪ್ರವೇಶ ಉಚಿತ, ಕುಟುಂಬಕ್ಕೆ ಅರ್ಧ ದಿನ ಸಲೀಸಾಗಿ ಕಳೆಯುತ್ತದೆ. ಉತ್ತರಕ್ಕಿರುವ ಹಳೆಯ ಚೈನ್ ಆಫ್ ರಾಕ್ಸ್ ಸೇತುವೆಯನ್ನು ನದಿ ಪ್ರಿಯರಾದ ನೀವು ಬಿಡಬಾರದು. 1929ರ, ನಟ್ಟನಡುವೆ ತಿರುವಿರುವ, ಒಂದು ಕಾಲಕ್ಕೆ ಪ್ರಸಿದ್ಧ ಹೆದ್ದಾರಿ ರೂಟ್ 66 ಹಾದುಹೋಗುತ್ತಿದ್ದ ಈ ಸೇತುವೆ ಈಗ ನಡೆಯುವವರಿಗೂ ಸೈಕಲ್ಲಿಗರಿಗೂ ಮೀಸಲು, ಅದರ ಕೆಳಗೆ ನದಿಯ ನಡುವೆಯೇ ಪುಟ್ಟ ಕೋಟೆಗಳಂಥ ನೀರೆತ್ತುವ ಗೋಪುರಗಳಿವೆ. ಆದರೆ ಈ ಸೇತುವೆ ಮತ್ತು ಮೂಲನಿವಾಸಿಗಳ ಪ್ರಾಚೀನ ಮಣ್ಣಿನ ದಿಬ್ಬಗಳ ತಾಣವಾದ ಕಹೋಕಿಯಾ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಕಹೋಕಿಯಾವನ್ನು ಆರಿಸಿ, ಏಕೆಂದರೆ ಅದು ನಿಮ್ಮ ಮರಳುವ ಹೆದ್ದಾರಿ 55ರ ಪಕ್ಕದಲ್ಲೇ ಇದೆ.

ಕ್ರಿ.ಶ. 1050ರಿಂದ 1200ರವರೆಗಿನ ಅವಧಿಯಲ್ಲಿ ಕಹೋಕಿಯಾ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ನಗರವಾಗಿತ್ತೆಂದು ಅಂದಾಜಿಸಲಾಗಿದೆ. ಬುಟ್ಟಿಗಳಲ್ಲಿ ಮಣ್ಣು ಹೊತ್ತು ಕಟ್ಟಿದ ಮಾಂಕ್ಸ್ ದಿಬ್ಬ ಸುಮಾರು 100 ಅಡಿ ಎತ್ತರವಿದೆ. 1982ರಲ್ಲಿ ಈ ತಾಣ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ದಿಬ್ಬಗಳು ಸೇಂಟ್ ಲೂಯಿಸ್ ಊರೊಳಗೂ ಬಹಳಷ್ಟಿದ್ದವು, ಊರಿಗೆ ದಿಬ್ಬಗಳ ನಗರವೆಂಬ ಅಡ್ಡಹೆಸರೇ ಇತ್ತು. ಮಣ್ಣಿಗಾಗಿ, ರೈಲುಹಾದಿಗಾಗಿ ಅವನ್ನು ಒಂದೊಂದಾಗಿ ಅಗೆದರು. ಅಲ್ಲಿನ ಛಾಯಾಗ್ರಾಹಕ ಥಾಮಸ್ ಈಸ್ಟರ್ಲಿ ಅಂಥ ದೊಡ್ಡ ದಿಬ್ಬವೊಂದು 1869ರಲ್ಲಿ ಪೂರ್ತಿ ನೆಲಸಮವಾಗುವವರೆಗೆ ಡಗೆರೋಟೈಪ್ ಎಂಬ ಆರಂಭಕಾಲದ ಲೋಹದ ಛಾಯಾಚಿತ್ರ ಫಲಕಗಳಲ್ಲಿ ಅದನ್ನು ದಾಖಲಿಸುತ್ತ ಹೋದರು. ನೀವು ಈ ಊರಿನಲ್ಲಿ ಕ್ಯಾಮೆರಾ ಹಿಡಿಯುವ ಮುನ್ನ ಆ ಚಿತ್ರಗಳನ್ನು ಹುಡುಕಿ ನೋಡಿ.

ಮಾಂಕ್ಸ್ ದಿಬ್ಬದ ಮೇಲಿನಿಂದ ನೈರುತ್ಯಕ್ಕೆ ಸುಮಾರು 7 ಮೈಲಿ ದೂರದಲ್ಲಿ ಸೇಂಟ್ ಲೂಯಿಸ್ ಪೇಟೆಯೂ ಕಮಾನೂ ದಿಗಂತದ ಮೇಲೆ ಕಾಣುತ್ತವೆ. ಅಕ್ಟೋಬರ್ ಮೂರನೆಯ ವಾರದಲ್ಲಿ ಸೂರ್ಯ ನಗರದ ಸ್ವಲ್ಪ ಬಲಕ್ಕೆ ಇಳಿಯುತ್ತಾನೆ. 200 ಮಿ.ಮೀ.ನಲ್ಲಿ ಕಮಾನು ಚೌಕಟ್ಟಿನ ಎತ್ತರದ ಏಳನೆಯ ಒಂದು ಭಾಗದಷ್ಟೇ ಇರುತ್ತದೆ, ಅಷ್ಟು ಚಿಕ್ಕದಾಗಿರುವುದೇ ಚೆಂದ. ಮೂಲನಿವಾಸಿಗಳಿಗೆ ಇದು ಪವಿತ್ರ ಸ್ಥಳವಾದ್ದರಿಂದ ಮೆಟ್ಟಿಲು ಬಿಟ್ಟು ದಿಬ್ಬದ ಇಳಿಜಾರಿನಲ್ಲಿ ಕಾಲಿಡಬೇಡಿ. ಕತ್ತಲಾಗುವ ಮೊದಲು ಹೊರಬೀಳಬೇಕೆಂಬ ನಿಯಮವೂ ಇದೆ.

ಸುರಕ್ಷತೆಯ ಬಗ್ಗೆ ನೀವು ಕೇಳದಿದ್ದರೂ ಹೇಳಬೇಕಾದದ್ದಿದೆ. ಎಲ್ಲಿ ಕಾರು ನಿಲ್ಲಿಸಿದರೂ ಕಾಣುವಂತೆ ಚೀಲ ಬಿಡಬೇಡಿ, ಚೈನ್ ಆಫ್ ರಾಕ್ಸ್‌ನ ನಿರ್ಜನ ನಿಲುಗಡೆಯಲ್ಲಂತೂ ಡಿಕ್ಕಿಯಲ್ಲೂ ಬೇಡ. ಈಸ್ಟ್ ಸೇಂಟ್ ಲೂಯಿಸ್ ಹಾಗೂ ನಗರದ ಉತ್ತರ ಭಾಗದ ಪಾಳುಬಿದ್ದ ಮನೆಗಳನ್ನು ಚಿತ್ರಿಸಲು ಬರುವವರು ಬಹಳ. ಕಾರ್ಖಾನೆಗಳು ಮುಚ್ಚಿ ಜನ ಊರು ಬಿಟ್ಟ ಮೇಲೆ ಅಲ್ಲಿನ ಖಾಲಿ ಮನೆಗಳ ಇಟ್ಟಿಗೆಯನ್ನೂ ಕದ್ದು ಮಾರುವುದುಂಟು. 2025ರ ಮೇ 16ರ ಸುಂಟರಗಾಳಿ ಅದೇ ಉತ್ತರ ಭಾಗವನ್ನು ಮತ್ತೆ ಜರ್ಜರಿತಗೊಳಿಸಿತು. ಅಲ್ಲಿ ಇನ್ನೂ ಬದುಕುತ್ತಿರುವವರ ಪರಿಚಯವಿಲ್ಲದೆ ಎರಡು ದಿನದ ಅತಿಥಿ ಆ ಮನೆಗಳನ್ನು ತೆಗೆಯದಿರುವುದೇ ಮೇಲೆಂದು ನನ್ನ ಅಭಿಪ್ರಾಯ.

ಮಳೆ ಬಂದರೆ ಯೋಜನೆ ಕೆಡುವುದಿಲ್ಲ. 1894ರ ಯೂನಿಯನ್ ಸ್ಟೇಷನ್‌ನ 65 ಅಡಿ ಎತ್ತರದ ಕಮಾನು ಚಾವಣಿಯ ಸಭಾಂಗಣ ಈಗ ಹೋಟೆಲಿನ ಭಾಗವಾಗಿದೆ. ಅಲ್ಲಿನ ಪಿಸುಮಾತಿನ ಕಮಾನಿನ ಒಂದು ತುದಿಯಲ್ಲಿ ಮೆಲ್ಲಗೆ ಆಡಿದ ಮಾತು ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ, ಮಗಳನ್ನು ಅಲ್ಲಿ ನಿಲ್ಲಿಸಿ ಅವಳ ಮುಖವನ್ನು 70 ಮಿ.ಮೀ.ನಲ್ಲಿ ತೆಗೆಯಿರಿ. ಮಳೆ ನಿಂತ ಕೂಡಲೇ ಸೌಲಾರ್ಡ್‌ಗೆ ಹೊರಡಿ, ಪೋಲರೈಸರ್ ನಿಜವಾಗಿ ಕೆಲಸಕ್ಕೆ ಬರುವುದು ಒದ್ದೆ ಇಟ್ಟಿಗೆಯ ಮೇಲೆ. ನದಿ ಉಕ್ಕಿದ್ದರೆ ದಂಡೆಯ ರಸ್ತೆಯನ್ನು ಮುಚ್ಚುತ್ತಾರೆ, ಕಲ್ಲುಹಾಸಿನ ಹಳೆಯ ದಡವೂ ಜಾರುತ್ತದೆ. ಅಂಥ ದಿನ ಸೇತುವೆಯ ಮೇಲಿನಿಂದಲೇ ತೆಗೆದರೆ ಸಾಕು.